ದಿನಕ್ಕೆ ಎಷ್ಟು ಮಾರು ಕಟ್ತಿದ್ರಿ?

"ಅಕ್ಕಾ, ಕೈಗೆ ಪೆಟ್ಟಾಗೋಕೆ ಮುಂಚೆ ದಿನಕ್ಕೆ ಎಷ್ಟು ಮಾರು ಹೂ ಕಟ್ತಿದ್ರಿ?"

ಕೋರ್ಟಿನ ಆವರಣದ ಬೇವಿನ ಮರದ ಕೆಳಗೆ, ಕಲ್ಲು ಬೆಂಚಿನ ಮೇಲೆ ಕೂತಿದ್ದ ಆಕೆ ನನ್ನ ಮುಖವನ್ನೇ ನೋಡಿದರು. ಅಪಘಾತವಾಗಿ ಐದು ತಿಂಗಳಾಗಿತ್ತು. ಎಲ್ಲಾಯಿತು, ಹೇಗಾಯಿತು, ಗಾಡಿ ನಂಬರೇನು ಎಂದು ಪೊಲೀಸರು, ವೈದ್ಯರು, ನೆಂಟರಿಷ್ಟರು ಎಲ್ಲರೂ ಕೇಳಿದ್ದರು. ಹೂವಿನ ಮಾತು ಯಾರೂ ಎತ್ತಿರಲಿಲ್ಲ.

"ಮೂವತ್ತು ಮಾರು ಕಣಕ್ಕ. ಹಬ್ಬ ಬಂದ್ರೆ ನಲವತ್ತೂ ಆಗೋದು. ಮಾರಿಗೆ ಹತ್ತು ರೂಪಾಯಿ ಕೂಲಿ. ಈಗ ಹತ್ತು ಮಾರು ಕಟ್ಟಿದ್ರೆ ಅದೇ ಹೆಚ್ಚು."

ಯಾಕೆ ಎಂದು ಕೇಳಿದೆ. ಚೀಲದಿಂದ ಒಂದು ಹಿಡಿ ಕಾಕಡ, ಒಂದು ಉಂಡೆ ದಾರ ತೆಗೆದು ತೋರಿಸಿಯೇ ಬಿಟ್ಟರು. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ನಾಲ್ಕು ಹೂವಿನ ತೊಟ್ಟು ಹಿಡಿಯಬೇಕು. ಬಲಗೈ ದಾರವನ್ನು ಸುತ್ತಿ, ಬೆರಳ ಮೇಲೆ ಕುಣಿಕೆ ಮಾಡಿ, ತೊಟ್ಟಿನ ಮೇಲೆ ಇಳಿಸಿ ಎಳೆಯಬೇಕು. ಆ ಕುಣಿಕೆ ಇಳಿಸುವಾಗ ಮಣಿಕಟ್ಟು ತಿರುಗಬೇಕು. ಆಕೆಯ ಮಣಿಕಟ್ಟು ಅರ್ಧ ತಿರುಗಿ ನಿಂತಿತು. ಮಿಕ್ಕರ್ಧವನ್ನು ಭುಜ ಎತ್ತಿ, ಮೊಣಕೈ ಹೊರಳಿಸಿ ಮುಗಿಸಿದರು. ಹತ್ತು ಗಂಟು ಹಾಕುವಷ್ಟರಲ್ಲಿ ಹಣೆಯಲ್ಲಿ ಬೆವರು.

ಅವರ ಕೈಲಿದ್ದ ಕಾಗದದಲ್ಲಿ ಈ ಬೆವರಿಗೆ ಒಂದು ಸಂಖ್ಯೆ ಇತ್ತು: ಬಲಗೈಗೆ ಶೇ 24ರಷ್ಟು ಅಂಗವೈಕಲ್ಯ.

ನಾನು ಇಪ್ಪತ್ತು ವರ್ಷ ಕೋರ್ಟಿನ ಎದುರು ಟೈಪಿಂಗ್ ಅಂಗಡಿಯಲ್ಲಿ ಕೂತವಳು. ಊರು ಚಿತ್ರದುರ್ಗ ಸೀಮೆಯದು, ರಾಷ್ಟ್ರೀಯ ಹೆದ್ದಾರಿ 48 ಪಕ್ಕದಲ್ಲೇ ಹಾದುಹೋಗುತ್ತದೆ. ಹೆದ್ದಾರಿ ಇರುವ ಊರಿನ ಕೋರ್ಟಿನಲ್ಲಿ ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸುಗಳಿಗೆ ಬರವಿಲ್ಲ. 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿ ಹೊಡೆಸಿ' ಎಂಬ ಸಾಲನ್ನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಬೆರಳಿಗೆ ಅಷ್ಟು ಅಭ್ಯಾಸವಾದ ಸಾಲಿನ ಅರ್ಥ ನನಗೆ ತಿಳಿದದ್ದು ನಲವತ್ತರ ಹತ್ತಿರ ಬಂದಾಗ, ಮೂರು ವರ್ಷದ ಎಲ್‌ಎಲ್‌.ಬಿ.ಗೆ ಸೇರಿ ಟಾರ್ಟ್ ಪುಸ್ತಕ ತೆರೆದ ಮೇಲೆ. ಅದೇ ಹೊತ್ತಿಗೆ ಕಾನೂನು ಸೇವಾ ಸಮಿತಿಯಲ್ಲಿ ಅರೆಕಾನೂನು ಸ್ವಯಂಸೇವಕಿಯ ತರಬೇತಿಯನ್ನೂ ಪಡೆದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2009ರಲ್ಲಿ ರೂಪಿಸಿದ ಯೋಜನೆ ಇದು. ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ನೌಕರರು, ಕಾನೂನು ವಿದ್ಯಾರ್ಥಿಗಳು ಸೇರಬಹುದು. ನಾವು ವಾದ ಮಾಡುವವರಲ್ಲ, ವಕಾಲತ್ತು ಹಾಕುವವರಲ್ಲ. ಜನ ಮತ್ತು ಕೋರ್ಟಿನ ಮೆಟ್ಟಿಲಿನ ನಡುವೆ ನಿಲ್ಲುವವರು.

ಟಾರ್ಟ್‌ಗೆ ಕನ್ನಡ ಪುಸ್ತಕಗಳಲ್ಲಿ 'ಅಪಕೃತ್ಯ' ಎಂಬ ಹೆಸರಿದೆ. ಕರಾರು ಇಲ್ಲದಿದ್ದರೂ ಒಬ್ಬರು ಇನ್ನೊಬ್ಬರಿಗೆ ತೋರಬೇಕಾದ ಎಚ್ಚರ, ಆ ಎಚ್ಚರ ತಪ್ಪಿದಾಗ ತೆರಬೇಕಾದ ಹಣ, ಇವು ಅದರ ತಿರುಳು. ಶಿಕ್ಷೆ ಕೊಡಿಸುವುದು ಕ್ರಿಮಿನಲ್ ಕೋರ್ಟಿನ ಕೆಲಸ. ಕಳೆದುಕೊಂಡವರಿಗೆ ತುಂಬಿಕೊಡುವುದು ಇಲ್ಲಿನ ಕೆಲಸ. ಕ್ರಿಮಿನಲ್ ಕೇಸಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು, ಪರಿಹಾರದ ಕೇಸಿನಲ್ಲಿ ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. 'ಚಾಲಕನಿಗೆ ಬಿಡುಗಡೆ ಆಗೋಯ್ತಂತೆ, ಇನ್ನೇನು ಪರಿಹಾರ' ಎಂದು ಕೈಚೆಲ್ಲುವ ಹಳ್ಳಿಯ ಜನಕ್ಕೆ ನಾನು ಮೊದಲು ಹೇಳುವುದೇ ಈ ವ್ಯತ್ಯಾಸವನ್ನು.

ತರಗತಿಯಲ್ಲಿ ಎಲ್ಲ ಕಾನೂನು ವಿದ್ಯಾರ್ಥಿಗಳಂತೆ ನಮಗೂ ಮೊದಲು ಎದುರಾದದ್ದು ಬಸವನಹುಳು. 1928ರ ಆಗಸ್ಟ್ 26ರ ರಾತ್ರಿ ಸ್ಕಾಟ್ಲೆಂಡಿನ ಪೈಸ್ಲಿ ಊರಿನ ಹೋಟೆಲೊಂದರಲ್ಲಿ ಮೇ ಡೊನೊಹ್ಯೂ ಎಂಬ ಹೆಂಗಸಿಗೆ ಗೆಳತಿ ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿ ಕಂದು ಬಣ್ಣದ್ದು, ಒಳಗಿರುವುದು ಕಾಣುವಂತಿರಲಿಲ್ಲ. ಅರ್ಧ ಕುಡಿದು ಮಿಕ್ಕದ್ದನ್ನು ಸುರಿಯುವಾಗ ಕೊಳೆತ ಬಸವನಹುಳು ಹೊರಬಿತ್ತು ಎಂದು ಆಕೆಯ ದೂರು. ದುಡ್ಡು ಕೊಟ್ಟವಳು ಗೆಳತಿ, ಆದ್ದರಿಂದ ಆಕೆಗೂ ಅಂಗಡಿಯವನಿಗೂ ಕರಾರಿಲ್ಲ, ತಯಾರಕನಿಗಂತೂ ಮೊದಲೇ ಇಲ್ಲ. 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ನ ಐವರಲ್ಲಿ ಮೂವರು ಆಕೆಯ ಪರ ನಿಂತರು. ನಮ್ಮ ಕೆಲಸದಿಂದ ಯಾರಿಗೆ ನೇರವಾಗಿ ಹಾನಿಯಾಗಬಹುದೋ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಡೆಯಬೇಕು, ಕಾನೂನಿನ ಕಣ್ಣಲ್ಲಿ ಅವರೇ ನೆರೆಯವರು ಎಂದರು ಲಾರ್ಡ್ ಅಟ್ಕಿನ್.

ಪರೀಕ್ಷೆಗೆ ಇಷ್ಟು ಸಾಕು. ನನ್ನ ಮನಸ್ಸು ಮಾತ್ರ ಇನ್ನೊಂದು ವಿವರದಲ್ಲಿ ಸಿಕ್ಕಿಕೊಂಡಿತು. ಆ ಹೆಂಗಸು ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಬಡವಿ. ಮೇಲ್ಮನವಿಯ ಖರ್ಚಿಗೆ ಹಣವಿಲ್ಲದೆ, ತನ್ನ ಬಳಿ ಐದು ಪೌಂಡು ಬಾಳುವ ಆಸ್ತಿಯೂ ಇಲ್ಲ ಎಂದು ಪ್ರಮಾಣ ಮಾಡಿ ಬಡವರ ಲೆಕ್ಕದಲ್ಲಿ ಕೇಸು ನಡೆಸಲು ಅನುಮತಿ ಪಡೆದಳು. ಯಾರೋ ಆಕೆಗೆ ಆ ದಾರಿ ಹೇಳಿಕೊಟ್ಟಿರಬೇಕು, ಆ ಪ್ರಮಾಣಪತ್ರವನ್ನು ಯಾರೋ ಕೂತು ಬರೆದಿರಬೇಕು. ಜಗತ್ತಿನ ಎಷ್ಟೋ ದೇಶಗಳ ಟಾರ್ಟ್ ಕಾನೂನು ನಿಂತಿರುವುದು ಆ ಕಾಗದದ ಮೇಲೆ. ಕೇಸು ಕೊನೆಗೆ ರಾಜಿಯಾಯಿತು. ಬಾಟಲಿಯಲ್ಲಿ ಹುಳು ಇತ್ತೋ ಇಲ್ಲವೋ ಎಂಬುದು ಯಾವ ಕೋರ್ಟಿನಲ್ಲೂ ಸಾಬೀತಾಗಲೇ ಇಲ್ಲ.

ಭೋಪಾಲದ ದುರಂತ, ಅದರ ಮರುವರ್ಷ ದೆಹಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಸೋರಿಕೆ, ಅಪಾಯಕಾರಿ ಉದ್ದಿಮೆಗೆ ಯಾವ ನೆಪವೂ ಇಲ್ಲದ ಸಂಪೂರ್ಣ ಹೊಣೆ ಎಂದು ಸಾರಿದ ನ್ಯಾಯಮೂರ್ತಿ ಭಗವತಿಯವರ ತೀರ್ಪು, ಇವನ್ನೆಲ್ಲ ಓದಿದೆವು. ಆದರೆ ನಮ್ಮಂಥ ತಾಲ್ಲೂಕಿನಲ್ಲಿ ಟಾರ್ಟ್ ಎಂದರೆ ನೂರಕ್ಕೆ ತೊಂಬತ್ತು ಪಾಲು ಮೋಟಾರು ಅಪಘಾತವೇ. ಬಾರ್ ಕೌನ್ಸಿಲ್ ಪಠ್ಯದಲ್ಲೂ ಟಾರ್ಟ್ ಮತ್ತು ಮೋಟಾರು ಅಪಘಾತ ಒಂದೇ ವಿಷಯದಡಿ ಬರುತ್ತವೆ. ಅದು ಸರಿಯಾಗಿಯೇ ಇದೆ.

ಪುಸ್ತಕದಲ್ಲಿ ಇಲ್ಲದ ಪಾಠವನ್ನು ಕಲಿಸಿದವರು ಹಿರಿಯ ಗುಮಾಸ್ತರೊಬ್ಬರು. ಮೂವತ್ತೈದು ವರ್ಷ ಒಂದೇ ವಕೀಲರ ಆಫೀಸಿನಲ್ಲಿ ಕಳೆದವರು. ಫೈಲು ಕೈಗೆ ಬಂದರೆ ಅವರು ಅರ್ಜಿ ಓದುತ್ತಿರಲಿಲ್ಲ, ಗಾಯದ ಪ್ರಮಾಣಪತ್ರ ಹುಡುಕುತ್ತಿದ್ದರು. "ಮೊದಲು ಆಸ್ಪತ್ರೆಯವರು ಏನು ಬರಕೊಂಡವ್ರೆ ನೋಡಮ್ಮ. ಎಫ್‌ಐಆರ್ ಆಮೇಲೆ," ಎನ್ನುತ್ತಿದ್ದರು.

ಯಾಕೆಂದು ಹೂವಿನಕ್ಕನ ಫೈಲಿನಲ್ಲೇ ಕಂಡಿತು. ಸಂಜೆ ಹೂ ಕೊಟ್ಟು ಮನೆಗೆ ನಡೆದು ಬರುವಾಗ ಹಿಂದಿನಿಂದ ಬೈಕೊಂದು ಗುದ್ದಿದೆ. ಆಸ್ಪತ್ರೆಗೆ ಸೇರಿಸಿದ ತಮ್ಮನಿಗೆ ಗಾಬರಿ. ಏನಾಯಿತು ಎಂದು ಕೇಳಿದ್ದಕ್ಕೆ "ರೋಡಲ್ಲಿ ಬಿದ್ದುಬಿಟ್ಟವ್ಳೆ ಸಾರ್" ಎಂದಿದ್ದಾನೆ. ಅಲ್ಲಿನವರು 'ಬಿದ್ದು ಆದ ಪೆಟ್ಟು' ಎಂದಷ್ಟೇ ಬರೆದುಕೊಂಡಿದ್ದಾರೆ. ಬೈಕಿನ ಹೆಸರೇ ಇಲ್ಲ. ದೂರು ಕೊಟ್ಟದ್ದು ನಾಲ್ಕನೇ ದಿನ. ವಿಮಾ ಕಂಪನಿಯ ವಕೀಲರಿಗೆ ಇಷ್ಟು ಸಾಕು: ಬಿದ್ದು ಕೈ ಮುರಿದುಕೊಂಡು, ಪರಿಹಾರದ ಆಸೆಗೆ ಬೈಕನ್ನು ಸೇರಿಸಿದ್ದಾರೆ ಎಂದು ಪಾಟೀಸವಾಲಿನಲ್ಲಿ ಕೇಳುತ್ತಾರೆ. ಕೇಳುವುದು ಅವರ ಕೆಲಸ, ಸುಳ್ಳು ಕೇಸುಗಳೂ ಇರುತ್ತವೆ. ಆದರೆ ನಿಜವಾಗಿ ಏಟು ತಿಂದವಳು ಸಾಕ್ಷಿಕಟ್ಟೆಯಲ್ಲಿ ನಿಂತು, ಬಾಯಿ ತಪ್ಪಿ ಬಂದ ಒಂದು ಮಾತಿಗೆ ಸುಳ್ಳುಗಾತಿ ಎನಿಸಿಕೊಳ್ಳುವುದನ್ನು ಕಣ್ಣಾರೆ ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪುಣ್ಯಕ್ಕೆ ಆಕೆಯನ್ನು ಎತ್ತಿ ಆಟೊ ಹತ್ತಿಸಿದ ಎಳನೀರಿನವರು ಸಿಕ್ಕಿದರು, ಸಾಕ್ಷಿ ಹೇಳಲು ಒಪ್ಪಿದರು. ಅವರನ್ನು ಹುಡುಕಲು ಎರಡು ವಾರ ಬೇಕಾಯಿತು.

ಇನ್ನು ಲೆಕ್ಕ. ಟಾರ್ಟ್ ಕಲಿಯುವವರು ಗಣಿತಕ್ಕೆ ಹೆದರಬಾರದು. ದುಡಿಮೆಯ ನಷ್ಟ ಕಟ್ಟಲು ತಿಂಗಳ ಆದಾಯವನ್ನು ಹನ್ನೆರಡರಿಂದ, ಆಮೇಲೆ ವಯಸ್ಸಿಗೆ ಗೊತ್ತುಮಾಡಿದ ಗುಣಕದಿಂದ ಗುಣಿಸುತ್ತಾರೆ. 2009ರ ಸರಳಾ ವರ್ಮಾ ತೀರ್ಪು ಕೊಟ್ಟ ಪಟ್ಟಿ ನಮಗೆ ಮಗ್ಗಿಯಿದ್ದಂತೆ: 15ರಿಂದ 25 ವಯಸ್ಸಿಗೆ 18, 26ರಿಂದ 30ಕ್ಕೆ 17, 41ರಿಂದ 45ಕ್ಕೆ 14, ಹೀಗೆ ಇಳಿಯುತ್ತ 65 ದಾಟಿದವರಿಗೆ 5. ಸಾವಿನ ಕೇಸಾದರೆ ತೀರಿಕೊಂಡವರ ಸ್ವಂತ ಖರ್ಚೆಂದು ಒಂದು ಪಾಲು ಕಳೆಯುತ್ತಾರೆ. ಮದುವೆಯಾಗದವರಿಗೆ ಸಾಮಾನ್ಯವಾಗಿ ಅರ್ಧ, ಎರಡು ಮೂರು ಜನ ಆಶ್ರಿತರಿದ್ದರೆ ಮೂರನೇ ಒಂದು. ಮುಂದೆ ಹೆಚ್ಚಬಹುದಾಗಿದ್ದ ಸಂಪಾದನೆಯನ್ನೂ ಸೇರಿಸಬೇಕು ಎಂದು 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿತು. ಕಾಯಂ ನೌಕರಿಯವರಿಗೆ ಮಾತ್ರವಲ್ಲ, ಸ್ವಂತ ದುಡಿಮೆಯವರಿಗೂ. ಸ್ವಂತ ದುಡಿಮೆಯವರು ನಲವತ್ತರ ಒಳಗಿನವರಾದರೆ ಶೇ 40.

ಹೂವಿನಕ್ಕನಿಗೆ 42 ವರ್ಷ, ಗುಣಕ 14. ದಿನಕ್ಕೆ ಮೂವತ್ತು ಮಾರು, ಮಾರಿಗೆ ಹತ್ತು, ತಿಂಗಳಿಗೆ 9,000 ರೂಪಾಯಿ. ಕೈಗೆ ಶೇ 24 ಎಂದರೆ ಇಡೀ ದೇಹಕ್ಕೆ ಮೂರನೇ ಒಂದು ಎಂದು ಹಿಡಿಯುವುದು ನಮ್ಮ ಕಡೆ ಸಾಮಾನ್ಯ ರೂಢಿ, ಅಂದರೆ ಶೇ 8. ಮುಂದಿನ ಹೆಚ್ಚಳ ಸೇರಿಸದೆ ಗುಣಿಸಿದರೆ 1,20,960 ರೂಪಾಯಿ. ನೋವು, ಚಿಕಿತ್ಸೆ, ಓಡಾಟದ ಬಾಬತ್ತು ಬೇರೆ.

ಇಲ್ಲಿಗೇ ನಿಲ್ಲಿಸಬಹುದಿತ್ತು, ಎಷ್ಟೋ ಅರ್ಜಿಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ 2010ರ ಅಕ್ಟೋಬರ್‌ನಲ್ಲಿ ಬಂದ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ತೀರ್ಪನ್ನು ನಾನು ಮೂರು ಸಲ ಓದಿದ್ದೆ. ವೈದ್ಯರು ಹೇಳುವುದು ಅಂಗದ ಊನವನ್ನು, ಪರಿಹಾರದ ಕೇಸು ಕೇಳುವ ನ್ಯಾಯಮಂಡಳಿ ನೋಡಬೇಕಾದದ್ದು ಆ ಊನದಿಂದ ದುಡಿಮೆಗೆ ಬಿದ್ದ ಪೆಟ್ಟನ್ನು, ಎರಡೂ ಒಂದೇ ಅಲ್ಲ ಎಂಬುದು ಅದರ ಸಾರ. ಎಡಗೈ ಹೋದರೆ ಬಡಗಿಯ ಅಥವಾ ಡ್ರೈವರನ ದುಡಿಮೆ ಪೂರ್ತಿಯೇ ಹೋದಂತೆ, ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಹಾಗಲ್ಲ ಎಂದು ಅಲ್ಲಿ ಉದಾಹರಣೆ ಕೊಟ್ಟಿದ್ದಾರೆ. ಈ ತೀರ್ಪನ್ನೂ ಸರಳಾ ವರ್ಮಾ ತೀರ್ಪನ್ನೂ ಬರೆದವರು ಒಬ್ಬರೇ, ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ದೇಶದ ಯಾವ ಮೂಲೆಯಲ್ಲಿ ಅಪಘಾತವಾದರೂ ಪರಿಹಾರದ ಲೆಕ್ಕ ಅವರ ವಾಕ್ಯಗಳ ಮೇಲೆ ನಡೆಯುತ್ತದೆ. ಇದು ನಮ್ಮ ಊರುಗಳಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದಿರುವುದು ನನಗೆ ಬೇಸರ ತರುತ್ತದೆ.

ಹೂ ಕಟ್ಟುವವಳಿಗೆ ಮಣಿಕಟ್ಟು ತಿರುಗದಿದ್ದರೆ ಶೇ 8ರ ಮಾತು ಎಲ್ಲಿಯದು? ಮೂವತ್ತು ಮಾರು ಹತ್ತಕ್ಕೆ ಇಳಿದಿದೆ. ದುಡಿಮೆಯ ನಷ್ಟವನ್ನು ಶೇ 30 ಎಂದು ಹಿಡಿದರೂ ಅದೇ ಲೆಕ್ಕ 4,53,600 ಆಗುತ್ತದೆ. ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ನಾಲ್ಕೂವರೆ ಲಕ್ಷಕ್ಕೂ ನಡುವೆ ಇರುವುದು, ದಿನಕ್ಕೆ ಎಷ್ಟು ಮಾರು ಎಂದು ಯಾರಾದರೂ ಕೇಳಿ ಬರೆದುಕೊಂಡಿದ್ದಾರೆಯೇ ಎಂಬ ಒಂದೇ ಸಂಗತಿ.

ಬರೆದರೆ ಸಾಲದು, ತೋರಿಸಬೇಕು. ಹೂವಿನ ಅಂಗಡಿಯ ಮಾಲೀಕರ ಹತ್ತಿರ ಹೋದೆವು. "ರಸೀದಿ ಗಿಸೀದಿ ಏನೂ ಇಲ್ಲಮ್ಮ," ಎಂದರು. ಮಾತಾಡುತ್ತಲೇ ತಕ್ಕಡಿಯ ಕೆಳಗಿನಿಂದ ನೂರು ಪುಟದ ಶಾಲೆ ನೋಟ್‌ಬುಕ್ಕೊಂದನ್ನು ಎಳೆದರು. ಎಡಕ್ಕೆ ಹೆಂಗಸರ ಹೆಸರಿನ ಮೊದಲ ಅಕ್ಷರ, ಎದುರಿಗೆ ನಾಲ್ಕು ಗೀಟು, ಅಡ್ಡ ಒಂದು ಗೀಟು, ಐದೈದರ ಕಟ್ಟು. ವಾರದ ಕೊನೆಯಲ್ಲಿ ಕೂಲಿ ಕೊಟ್ಟ ಗುರುತಿಗೆ ಒಂದು ಸೊನ್ನೆ. ಎರಡು ವರ್ಷದ ಗೀಟುಗಳು! ಹಾಳೆಗಳ ನಡುವೆ ಒಣಗಿದ ಕನಕಾಂಬರದ ಎಸಳು ಅಂಟಿತ್ತು. ಅಪಘಾತದ ದಿನದಿಂದ ಮುಂದೆ ಆಕೆಯ ಸಾಲು ಖಾಲಿ, ಮೂರು ತಿಂಗಳ ಮೇಲೆ ಎರಡೇ ಕಟ್ಟು. ಕಾನೂನು ಸೇವಾ ಸಮಿತಿ ನೇಮಿಸಿದ ವಕೀಲರು ಆ ನೋಟ್‌ಬುಕ್ಕನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಈಗ ಅದು ಕೇಸಿನ ದಾಖಲೆ, ನಿಶಾನೆ ಪಿ-11. ಕೇಸು ಇನ್ನೂ ನಡೆಯುತ್ತಿದೆ.

ಚೀಟಿಯೇ ಇಲ್ಲದವರ ಗತಿ ಏನು ಎಂದು ಕೇಳಬಹುದು. ಅದಕ್ಕೂ ಕರ್ನಾಟಕದ್ದೇ ಪ್ರಕರಣವಿದೆ. 2008ರ ಅಪಘಾತದಲ್ಲಿ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬರ ಕೇಸು 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತರಕಾರಿ ಮಾರುವವರು ಆದಾಯಕ್ಕೆ ದಾಖಲೆ ತರಬೇಕೆಂದು ಹಟ ಹಿಡಿಯುವುದು ಸರಿಯಲ್ಲ ಎಂದ ಕೋರ್ಟು ತಿಂಗಳಿಗೆ 6,500 ರೂಪಾಯಿ ಒಪ್ಪಿತು, ದುಡಿಮೆಯ ನಷ್ಟವನ್ನು ಶೇ 85 ಎಂದು ಹಿಡಿಯಿತು.

ಮನೆಯಲ್ಲೇ ದುಡಿಯುವ ಹೆಂಗಸರ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ನಾನು ಟೈಪ್ ಮಾಡಿದ ಅರ್ಜಿಗಳಲ್ಲಿ 'ಉದ್ಯೋಗ: ಇಲ್ಲ' ಎಂದು ಎಷ್ಟು ತಾಯಂದಿರ ಹೆಸರಿನ ಮುಂದೆ ಒತ್ತಿದ್ದೇನೋ, ಈಗ ನೆನೆದರೆ ನಾಚಿಕೆಯಾಗುತ್ತದೆ. 2021ರ ಜನವರಿಯಲ್ಲಿ ಬಂದ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯನ್ನು ಎತ್ತಿ ತೋರಿಸಿದರು. ಕೂಲಿಯಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಆ ದುಡಿಮೆಗೂ ಹಣದ ಲೆಕ್ಕ ಕಟ್ಟಲೇಬೇಕು ಎಂಬುದು ಕೋರ್ಟಿನ ಮಾತು. ಈಗ ನಮ್ಮ ಸಮಿತಿಗೆ ಬರುವ ಅರ್ಜಿಯಲ್ಲಿ 'ಇಲ್ಲ' ಎಂದು ಬರೆಯಲು ನಾನು ಬಿಡುವುದಿಲ್ಲ. ನೀರು ಎಲ್ಲಿಂದ ತರುತ್ತಿದ್ದರು, ಹಸು ಎಷ್ಟು, ಅತ್ತೆಗೆ ಔಷಧಿ ಯಾರು ಕೊಡುತ್ತಿದ್ದರು, ಎಲ್ಲ ಕೇಳಿ ಬರೆಸುತ್ತೇನೆ.

ಇಷ್ಟು ಕಾಳಜಿ ಯಾಕೆ ಎಂದು ಮಗಳು ಒಮ್ಮೆ ಕೇಳಿದಳು. ಅದಕ್ಕೆ ಕಾರಣ ನನ್ನ ಅಪ್ಪ. 1998ರಲ್ಲಿ ಅವರು ಶೇಂಗಾ ಗಿರಣಿಯಿಂದ ಸೈಕಲ್ಲಿನಲ್ಲಿ ಮನೆಗೆ ಬರುವಾಗ ಯಾವುದೋ ಲಾರಿ ತಗುಲಿ ತೊಡೆಯ ಮೂಳೆ ಮುರಿಯಿತು. ಕತ್ತಲು, ನಂಬರ್ ಯಾರೂ ನೋಡಲಿಲ್ಲ. ಗಾಡಿಯೇ ಸಿಗದ ಮೇಲೆ ಯಾರ ಮೇಲೆ ಕೇಸು ಎಂದು ಎಲ್ಲರೂ ಅಂದರು. ಅಮ್ಮನ ಓಲೆ ಅಡವಿಗೆ ಹೋಯಿತು, ಮರಳಿ ಬರಲಿಲ್ಲ. ಗುದ್ದಿ ಪರಾರಿಯಾದ ವಾಹನದಿಂದ ತೀವ್ರ ಗಾಯವಾದರೆ 12,500 ರೂಪಾಯಿ ಪರಿಹಾರ ಆಗಲೂ ಕಾನೂನಿನಲ್ಲಿತ್ತು. ನನಗೆ ಅದು ಗೊತ್ತಾದದ್ದು ತರಬೇತಿಯ ದಿನ, ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. ಇಡೀ ಮಧ್ಯಾಹ್ನ ನನ್ನ ಕಿವಿಗೆ ಬೇರೇನೂ ಬೀಳಲಿಲ್ಲ.

ಆ ಮೊತ್ತ ಈಗ ತೀವ್ರ ಗಾಯಕ್ಕೆ 50,000, ಸಾವಾದರೆ 2 ಲಕ್ಷ. 2022ರ ಯೋಜನೆಯಂತೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಮಟ್ಟದಲ್ಲಿ ವಿಚಾರಣೆ ನಡೆಯುತ್ತದೆ. ಒಂದು ತಿಂಗಳಲ್ಲಿ ವಾಹನದ ಸುಳಿವು ಸಿಗದಿದ್ದರೆ, ಈ ಪರಿಹಾರ ಕೇಳಬಹುದು ಎಂದು ಠಾಣೆಯವರು ಗಾಯಾಳುವಿಗೆ ಅಥವಾ ಮನೆಯವರಿಗೆ ಬರಹದಲ್ಲಿ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ಆದೇಶಿಸಿದೆ. ತಿಳಿಸದಿದ್ದರೆ ನೀವೇ ಹೋಗಿ ಕೇಳಿ.

ಆಸ್ಪತ್ರೆಯ ವಾರ್ಡಿನಲ್ಲಿ ಹಣ್ಣಿನ ಕವರು ಹಿಡಿದು ಬರುವ ಅಪರಿಚಿತರ ಬಗ್ಗೆಯೂ ಒಂದು ಮಾತು. 'ಒಂದು ಸಹಿ ಹಾಕಿ, ಎಲ್ಲ ನಾವು ನೋಡ್ಕೊತೀವಿ, ಬಂದದ್ದರಲ್ಲಿ ಇಷ್ಟು ಪಾಲು' ಎನ್ನುತ್ತಾರೆ. ಗೆದ್ದ ಹಣದಲ್ಲಿ ಪಾಲು ಎಂಬ ಕರಾರು ಮಾಡಿಕೊಳ್ಳಲು ವಕೀಲರಿಗೆ ನಮ್ಮ ಬಾರ್ ಕೌನ್ಸಿಲ್ ನಿಯಮ ಅವಕಾಶ ಕೊಡುವುದಿಲ್ಲ. ಖಾಲಿ ವಕಾಲತ್ತಿಗೆ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಹೆಬ್ಬೆಟ್ಟನ್ನೂ ಒತ್ತಬೇಡಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಅಪಘಾತವಾದವರನ್ನು ಆಸ್ಪತ್ರೆಗೆ ಸೇರಿಸುವಾಗ ಯಾವ ವಾಹನ ಹೇಗೆ ಗುದ್ದಿತು ಎಂಬುದನ್ನು ಬಿಡಿಸಿ ಹೇಳಿ, ಹಾಗೆಯೇ ಬರೆದುಕೊಂಡಿದ್ದಾರೆಯೇ ಎಂದು ಕೇಳಿ. ದೂರನ್ನು ತಡಮಾಡಬೇಡಿ. 2022ರ ಏಪ್ರಿಲ್‌ನಿಂದ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಸಲ್ಲಿಸಬೇಕು, ಅವುಗಳ ಪ್ರತಿ ಪಡೆಯಿರಿ. ಔಷಧಿ ಅಂಗಡಿಯ ಚಿಕ್ಕ ಚೀಟಿಯನ್ನೂ ಎಸೆಯಬೇಡಿ. ಅರ್ಜಿಗೆ ಆರು ತಿಂಗಳ ಗಡುವು ಎಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ಗಡುವಿನೊಳಗೇ ಹಾಕುವುದು ಕ್ಷೇಮ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ವಿಚಾರಿಸಿ. ಬರಲಾಗದಿದ್ದರೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ: 15100.